ಬಾಳವ್ವ ಒರೆಸಿದ ಮುಖಗಳು

ಗಡಹಿಂಗ್ಲಜದಲ್ಲಿ ಪಶುವೈದ್ಯನಾಗಿ ನಿವೃತ್ತನಾದ ಮೇಲೆ, ಮೂರು ವರ್ಷಗಳ ಹಿಂದೆ, ಇಚಲಕರಂಜಿಯ ಒಂದು ಫಾರ್ಮಸಿ ಕಾಲೇಜಿನ ಪ್ರಯೋಗಾಲಯದ ಇಲಿಗಳನ್ನು ತಪಾಸಣೆ ಮಾಡುವ ಕೆಲಸ ಒಪ್ಪಿಕೊಂಡೆ. ಎತ್ತು ಬಿಟ್ಟು ಇಲಿ ಹಿಡಿದಿರಿ ಎಂದು ಮನೆಯಲ್ಲಿ ನಕ್ಕರು. ಪ್ರತಿ ಗುರುವಾರ ಎಸ್‌ಟಿ ಬಸ್ಸಿನಲ್ಲಿ ಮೊಣಕಾಲು ನೋಯಿಸಿಕೊಂಡು ಹೋಗಿ, ಹನ್ನೊಂದಕ್ಕೆ ತೂಕ, ರೋಮ, ಕಣ್ಣು ನೋಡಿ, ‘ಆರೋಗ್ಯವಾಗಿವೆ’ ಎಂದು ಸಹಿ ಹಾಕಿ ಬರುತ್ತಿದ್ದೆ.

ಇಲಿಗಳ ಆರೈಕೆ ಸುಳಕೂಡದ ಬಾಳವ್ವನದು. ಕುರಿ ಸಾಕುವ ಮನೆತನದ ಹೆಂಗಸು. ಪಂಜರಗಳನ್ನು ತಿಕ್ಕಿದ ತಂಬಿಗೆಯಂತೆ ಇಡುತ್ತಿದ್ದಳು. ಸಂಶೋಧನಾ ವಿದ್ಯಾರ್ಥಿನಿ ಪ್ರಾಜಕ್ತಾ ಇಪ್ಪತ್ತನಾಲ್ಕು ಇಲಿಗಳ ಮೇಲೆ ಒಂದು ಔಷಧ ಪರೀಕ್ಷಿಸಿ, ಕೊನೆಗೆ ಅವನ್ನು ಕೊಂದು ಅಂಗಾಂಗಗಳನ್ನು ನೋಡಿ ಮುಗಿಸಿದ್ದಳು. ಎರಡನೆಯ ತಂಡ ಸಿದ್ಧವಾಗಿತ್ತು.

ಒಂದು ಗುರುವಾರ ಪರಿಚಯದವರ ಕಾರು ಸಿಕ್ಕಿ ಎರಡು ತಾಸು ಮೊದಲೇ ತಲುಪಿದೆ. ಇಲಿಗಳು ಮೂಲೆಯಲ್ಲಿ ಮುದುಡಿ ಕುಳಿತಿದ್ದವು. ಕಣ್ಣು, ಮೂಗಿನ ಸುತ್ತ ಕೆಂಪು ಕಲೆ. ಬಾಳವ್ವ ಒದ್ದೆ ಬಟ್ಟೆಯಿಂದ ಒಂದೊಂದರ ಮುಖ ಒರೆಸುತ್ತಿದ್ದಳು.

“ಇದೇನ ಬಾಳವ್ವ?”

“ದಿನಾ ಮುಂಜಾನೆ ಒರಸ್ತೇನ್ರಿ. ಕುರಿಮರಿ ಕಣ್ಣಾಗ ಗೀಜು ಬಂದ್ರ ಹಂಗ ಬಿಡ್ತೀವೇನ್ರಿ? ಗ್ವಾಡಿ ಆಚಿ ಹೊಸಾ ಮಗ್ಗ ಕುಂತಾಗಿಂದ ಭಾಳ ಆಗೇತ್ರಿ. ಮೊದಲಿನ ಇಲಿಗೋಳಿಗೂ ಹಿಂಗ ಆಗಿತ್ರಿ.”

ಅದು ರಕ್ತವಲ್ಲ, ಕಣ್ಣಿನ ಹಿಂದಿನ ಗ್ರಂಥಿಯ ಸ್ರಾವ, ಪೋರ್ಫಿರಿನ್. ಇಲಿ ಹೆದರಿದರೆ, ಬಳಲಿದರೆ ಹೆಚ್ಚುತ್ತದೆ. ಸುಖವಾಗಿರುವ ಇಲಿ ತಾನೇ ಮುಖ ತೊಳೆದುಕೊಳ್ಳುತ್ತದೆ. ಮಗ್ಗದ ಸದ್ದು ನನಗೆ ಕೇಳಿಯೇ ಇರಲಿಲ್ಲ. ಬೀದಿಬೀದಿಗೂ ವಿದ್ಯುತ್ ಮಗ್ಗಗಳಿರುವ ಇಚಲಕರಂಜಿಯಲ್ಲಿ ಅದು ಯಾರಿಗೆ ಕೇಳುತ್ತದೆ? ಬಾಳವ್ವನ ಮೇಲೆ ಸಿಟ್ಟು ಬಂತು, ಕೂಡಲೇ ನಾಚಿಕೆಯೂ ಆಯಿತು. ಅವಳಿಗೆ ಎಲ್ಲ ಗೊತ್ತಿತ್ತು, ನಾನು ಒಮ್ಮೆಯೂ ಕೇಳಿರಲಿಲ್ಲ.

ಹೆದರಿದ ಇಲಿಯ ದೇಹ ಕೊಡುವ ಅಂಕಿಗಳನ್ನು ನಂಬಲಾಗದು, ಎಲ್ಲವನ್ನೂ ಮತ್ತೆ ಮೊದಲಿನಿಂದ ಮಾಡಬೇಕು ಎಂದು ಪ್ರಾಜಕ್ತಾಳಿಗೆ ಹೇಳಿದೆ. ಅವಳು ಮರಾಠಿಯಲ್ಲಿ ಒಂದೇ ಮಾತು ಕೇಳಿದಳು: “ಆಣಿ ತೇ ಚೋವೀಸ, ಸರ್?”

ಹಾಗಾದರೆ ಆ ಇಪ್ಪತ್ತನಾಲ್ಕು? ಅವು ಸುಮ್ಮನೆ ಸತ್ತಿದ್ದವು. ಸಹಿ ನನ್ನದು.

ಉಳಿದವನ್ನು ಮಗ್ಗದಿಂದ ದೂರದ ಕೋಣೆಗೆ ಸಾಗಿಸಿ, ಅಡಗಲು ಡಬ್ಬಿ, ಗೂಡಿಗೆ ಕಾಗದದ ಚೂರು ಕೊಟ್ಟೆವು. ಬಾಳವ್ವನ ಕೈಯಿಂದ ಬಟ್ಟೆ ಬಿಡಿಸಿದೆ. ಕೈ ಕಟ್ಟಿಕೊಂಡು ನೋಡುವುದು ಅವಳಿಗೆ ಕಷ್ಟವಾಯಿತು. ಮೂರನೆಯ ವಾರ ಅವಳೇ ನನ್ನನ್ನು ಕರೆದಳು.

“ತಾನ ಮಾರಿ ತೊಳಕೊಳ್ಳಾಕತ್ತೈತಿ, ನೋಡ್ರಿ!”

ಇಲಿ ಮುಂಗಾಲು ನೆಕ್ಕಿ ನೆಕ್ಕಿ ಕಿವಿಯ ಹಿಂದಿನ ತನಕ ತಿಕ್ಕಿಕೊಳ್ಳುತ್ತಿತ್ತು. ನಾನು ಬಹಳ ಹೊತ್ತು ನೋಡಿದೆ.

ಈಗ ಯಾವ ಪ್ರಾಣಿಯ ಮುಖ ಸ್ವಚ್ಛವಾಗಿ ಕಂಡರೂ, ತೊಳೆದವರು ಯಾರು ಎಂದು ಮೊದಲು ಕೇಳುತ್ತೇನೆ. ಆ ಇಪ್ಪತ್ತನಾಲ್ಕರ ವಿಷಯದಲ್ಲಿ ಕೇಳಲಿಲ್ಲ.