ನೆರಿಯದ ಪಟ್ಟೆ ಮರಿಗಳು

ಬೆಳುವಾಯಿಯಿಂದ ಬೆಳಗ್ಗಿನ ಮೊದಲ ಬಸ್ಸಿಗೆ ಹೊರಟೆ. ಹಿಂದಿನ ದಿನ ನೆರಿಯದಿಂದ ಅಕ್ಕ ಫೋನು ಮಾಡಿ ಅತ್ತಿದ್ದಳು. ನನ್ನ ಹಂದಿಗೂಡಿನಿಂದ ಕೊಂಡುಹೋಗಿದ್ದ ಬಿಳಿ ಹೆಣ್ಣುಹಂದಿ ಮರಿ ಹಾಕಿ ಎರಡು ತಿಂಗಳಾಗಿತ್ತು. ಆ ಮರಿಗಳು ಯಾರಿಗೂ ಬೇಡವಂತೆ. ಭಾವ ತೀರಿಕೊಂಡ ಮೇಲೆ ಅವಳಿಗಿದ್ದ ಸಂಪಾದನೆ ಆ ಹಂದಿಯೊಂದೇ.

ಮೂಡುಬಿದಿರೆಯಲ್ಲಿ ಬಸ್ಸು ಬದಲಿಸಿ, ವೇಣೂರು ದಾಟಿ ಬೆಳ್ತಂಗಡಿ ಸೇರುವಾಗ ಬಿಸಿಲು ತಲೆ ಸುಡುತ್ತಿತ್ತು. ಹೋಟೆಲಿನ ಗೋಳಿಬಜೆ ತಣ್ಣಗಾಗಿ ರಬ್ಬರಿನಂತಿತ್ತು. ಕಕ್ಕಿಂಜೆ ಕಳೆದ ಮೇಲೆ ಕಂಡಕ್ಟರ್ ಯಾರ ಮನೆಗೆಂದು ಕೇಳಿದ. ಹೇಳಿದೆ.

"ಓ, ಪಟ್ಟೆ ಹಂದಿಯ ಮನೆಗಾ?" ಎಂದ.

ಸುದ್ದಿ ಬಸ್ಸು ಹತ್ತಿದ ಮೇಲೆ ಅರಣ್ಯದವರಿಗೆ ಮುಟ್ಟಲು ಎಷ್ಟು ಹೊತ್ತು? ಪಟ್ಟೆ ಇರುವುದು ಕಾಡುಹಂದಿಯ ಮರಿಗೆ, ಅದನ್ನು ಸಾಕಿದರೆ ಕೇಸು.

ಅಕ್ಕನ ಗೂಡಿನಲ್ಲಿ ತಾಯಿ ಜೋಲುಕಿವಿ, ಸುರುಳಿ ಬಾಲ, ಮೊಂಡು ಮೂತಿಯ ನನ್ನ ಹಂದಿಯೇ. ಹಾಲು ಬಿಟ್ಟ ಐದು ಮರಿಗಳು ಮಾತ್ರ ಕಂದು ಬಣ್ಣ, ಮೈತುಂಬ ಹಳದಿ ಪಟ್ಟೆ. ನಿಮಿರಿದ ಕಿವಿ, ನೇರ ಬಾಲ, ಉದ್ದ ಮೂತಿ.

"ಗೆಣಸು ಅಗೆದ ಜಾಗಕ್ಕೆ ಇದನ್ನು ಬಿಟ್ಟಿದ್ದೆಯಾ?" ತಾಯಿಹಂದಿಯನ್ನು ತೋರಿಸಿ ಅಕ್ಕನನ್ನು ಕೇಳಿದೆ.

"ಬಿಟ್ಟಿದ್ದೆ ಮಾರಾಯ. ಇಲ್ಲಿ ಎಲ್ಲರೂ ಬಿಡ್ತಾರೆ. ಉಳಿದ ಮರಗೆಣಸು ತಿಂತದೆ, ಮಣ್ಣೂ ಉತ್ತ ಹಾಗೆ ಆಗ್ತದೆ."

ಕಾಡಿನಂಚಿನ ಆ ಜಾಗಕ್ಕೆ ಗಂಡು ಕಾಡುಹಂದಿಯೂ ಇಳಿದಿತ್ತು, ಅಷ್ಟೇ.

"ಕೊಳ್ಳಲು ಬಂದವನು ಕೇಸು ಬೀಳ್ತದೆ ಅಂತ ಓಡಿದ. ಇದು ಊರಹಂದಿ ಅಂತ ನೀನು ಹೇಳು ತಮ್ಮ. ದೊಡ್ಡದಾದರೆ ಪಟ್ಟೆ ಹೋಗ್ತದಲ್ಲ?"

"ಪಟ್ಟೆ ಹೋಗ್ತದೆ ಅಕ್ಕ. ಮೂತಿ ಹೋಗುವುದಿಲ್ಲ."

ನಮಗೆ ಕೊಲ್ಲಲು ಮನಸ್ಸಿಲ್ಲ, ಸಾಕಲು ಧೈರ್ಯವಿಲ್ಲ. ಸಂಜೆ ಮರಿಗಳನ್ನು ಗೋಣಿಯಲ್ಲಿ ಹೊತ್ತು ಹಳ್ಳದಾಚೆಯ ಕಾಡಿಗೆ ಬಿಟ್ಟುಬಂದೆವು. ರಾತ್ರಿ ಇಬ್ಬರಿಗೂ ಊಟ ಸೇರಲಿಲ್ಲ.

ಮರುದಿನ ನಾನು ಹೊರಡುವ ಹೊತ್ತಿಗೆ ಅಕ್ಕ ತಾಯಿಹಂದಿಗೆ ಗಂಜಿ ತಂದಳು. ಬಕೆಟ್ಟು ಕಲ್ಲಿಗೆ ತಾಗಿ ಠಣ್ ಎಂದಿತು. ಅಷ್ಟಕ್ಕೇ ಕಾಡಿನಿಂದ ಐದೂ ಮರಿಗಳು ಓಡಿಬಂದವು.

ಕಾಡುಹಂದಿಯಾದರೆ ಮನುಷ್ಯರ ವಾಸನೆಗೇ ಓಡಿಹೋಗುತ್ತದೆ. ಇವುಗಳ ಮೈ ಮಾತ್ರ ಕಾಡಿನದು, ಬುದ್ಧಿ ಗೂಡಿನದು. ಉರುಳು ಇಟ್ಟವನ ಕಾಲಬುಡಕ್ಕೂ ಹೀಗೆಯೇ ಓಡುತ್ತವೆ.

"ಹೆದರಿಸು ಅಕ್ಕ. ಮನುಷ್ಯರ ಹೆದರಿಕೆ ಇಲ್ಲದಿದ್ದರೆ ಅಲ್ಲಿ ಬದುಕುವುದಿಲ್ಲ."

ಅಕ್ಕ ಅಳುತ್ತಲೇ ಕಲ್ಲು ಹೆಕ್ಕಿ ಎಸೆದಳು. ಮರಿಗಳು ಕಲ್ಲು ಬಿದ್ದಲ್ಲಿಗೆ ಓಡಿ ಮೂಸಿ ನೋಡಿದವು. ತಿನ್ನಲು ಏನೂ ಸಿಗದೆ ಮತ್ತೆ ಅವಳ ಮುಖವನ್ನೇ ನೋಡುತ್ತ ನಿಂತವು.

ಬಸ್ಸು ತಿರುವಿಗೆ ಬಂದಾಗ ಹಿಂದೆ ನೋಡಿದೆ. ಅಕ್ಕ ಇನ್ನೊಂದು ಕಲ್ಲಿಗೆ ಬಗ್ಗಿದ್ದಳು. ಮರಿಗಳು ಅವಳ ಕೈಯ ಹತ್ತಿರಕ್ಕೇ ಬಂದಿದ್ದವು.