ಗ್ಯಾರೆತ್‌ನ ಕೊನೇ ಮ್ಯಾಚು

ಇಂಗ್ಲೆಂಡಿನ ರಗ್ಬಿ ಲೀಗಿನ ಚರಿತ್ರೆಯನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಆದರೆ ಒಂದೇ ಒಂದು ರಗ್ಬಿ ಪಂದ್ಯವನ್ನೂ ಕಣ್ಣಾರೆ ನೋಡಿದವಳಲ್ಲ. ಇದು ಹೆಮ್ಮೆಯ ಮಾತೇನಲ್ಲ.

ಡಾಟ್‌ಕಾಮ್ ಕಾಲ. ಸ್ಯಾನ್ ಮಟಿಯೋದ ನಮ್ಮ ಆಫೀಸಿನಲ್ಲಿ ನನ್ನ ಪಕ್ಕದ ಕ್ಯೂಬಿಕಲ್ಲಿನವನು ಗ್ಯಾರೆತ್. ದಪ್ಪ ಕುತ್ತಿಗೆ, ಮುದುಡಿಹೋದ ಕಿವಿ, ಮೆತ್ತಗಿನ ಮಾತು. ಹಿಂದೆ ಇಂಗ್ಲೆಂಡಿನ ಮೊದಲ ದರ್ಜೆಯ ಕ್ಲಬ್ಬೊಂದಕ್ಕೆ ಆಡಿದ್ದನಂತೆ. ನಾನು ಮೊಸರನ್ನ ತಿನ್ನುತ್ತಿದ್ದರೆ ಅವನು ಪೇಪರ್ ನ್ಯಾಪ್ಕಿನ್ನಿನ ಮೇಲೆ ಲೀಗನ್ನು ಬರೆದು ತೋರಿಸುತ್ತಿದ್ದ. ಮೊದಲೆಲ್ಲ ಲೀಗೇ ಇರಲಿಲ್ಲ, ಕ್ಲಬ್ಬುಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡು ಆಡುತ್ತಿದ್ದವು. ಆಮೇಲೆ ದರ್ಜೆಗಳಾದವು. ಪ್ರತಿ ತಂಡವೂ ಉಳಿದವರ ಜೊತೆ ತನ್ನ ಊರಲ್ಲೊಮ್ಮೆ, ಅವರ ಊರಲ್ಲೊಮ್ಮೆ ಆಡಬೇಕು. ಹೆಚ್ಚು ಅಂಕ ಬಂದವರೇ ಚಾಂಪಿಯನ್. ಫೈನಲ್ಲಿನ ಗಲಾಟೆ ಇಲ್ಲ. ಕಟ್ಟಕಡೆಯ ತಂಡ ಕೆಳದರ್ಜೆಗೆ ಇಳಿಯುತ್ತದೆ, ಅಲ್ಲಿ ಗೆದ್ದವರು ಮೇಲೆ ಬರುತ್ತಾರೆ.

"ಮತ್ತೆ ನೀನ್ಯಾಕೆ ಬಿಟ್ಟೆ?" ಎಂದು ಕೇಳಿದೆ.

"ಆಟಕ್ಕೆ ಸಂಬಳ ಬಂತು," ಅಂದ. ವಾರವೆಲ್ಲ ಶಾಲೆಯಲ್ಲಿ ಗಣಿತ ಹೇಳಿಕೊಟ್ಟು ಶನಿವಾರ ಆಡುತ್ತಿದ್ದ ಇವನಂಥವರ ಜಾಗಕ್ಕೆ ದಿನವಿಡೀ ಅಭ್ಯಾಸ ಮಾಡುವವರು ಬಂದರು. "ಕ್ಲಬ್ಬಿನವರು ತುಂಬ ಮರ್ಯಾದೆಯಿಂದ ಕಳಿಸಿಕೊಟ್ಟರು. ಬೈದಿದ್ದರೆ ವಾಸಿಯಿತ್ತು."

ಇಲ್ಲಿ ಪಾಲೋ ಆಲ್ಟೋದ ಪಾರ್ಕೊಂದರಲ್ಲಿ ಹವ್ಯಾಸಿ ತಂಡದ ಜೊತೆ ಆಡುತ್ತಿದ್ದ. ಒಂದು ಶುಕ್ರವಾರ, "ಮಂಡಿ ಕೈಕೊಟ್ಟಿದೆ. ನಾಳೆ ನನ್ನ ಕೊನೇ ಮ್ಯಾಚು. ನೋಡೋಕೆ ನನ್ನವರು ಅಂತ ಇಲ್ಲಿ ಯಾರೂ ಇಲ್ಲ, ಬರ್ತೀಯಾ?" ಎಂದ. ಖಂಡಿತ ಅಂದೆ.

ಬೆಳಿಗ್ಗೆ ಮ್ಯಾನೇಜರ್ ಫೋನು: ಸಾಫ್ಟ್‌ವೇರ್ ರಿಲೀಸಿದೆ, ತಕ್ಷಣ ಬಾ. ಗ್ಯಾರೆತ್‌ನನ್ನೂ ಕರೆದಿದ್ದರಂತೆ, ಬರೋದಿಲ್ಲ ಅಂದನಂತೆ. ನಾನು ಹೋದೆ. ಹಾಸನದಿಂದ ಬಂದಿದ್ದ ನಮ್ಮತ್ತೆಯನ್ನು ಯಜಮಾನರು ಮ್ಯಾಚಿಗೆ ಕರೆದುಕೊಂಡು ಹೋದರು.

ಸಂಜೆ ಅತ್ತೆಯ ಸಂಭ್ರಮ ಹೇಳತೀರದು. "ಎಲ್ಲಾ ಸೇರಿ ಒಬ್ಬನ ಮೇಲೆ ಬೀಳ್ತಾರಲ್ಲಮ್ಮ! ಕೈಯಲ್ಲಿ ಚೆಂಡನ್ನ ಮುಂದಕ್ಕೆ ಎಸೆಯೋ ಹಾಗೇ ಇಲ್ವಂತೆ, ಹಿಂದೆ ಬರೋನಿಗೇ ಕೊಡ್ಬೇಕಂತೆ. ಕೂಗಿ ಕೂಗಿ ಗಂಟಲು ಕಟ್ಟೋಯ್ತು." ಆಮೇಲೆ ದನಿ ಇಳಿಸಿ, "ನಿನ್ನ ಸ್ನೇಹಿತ ಎರಡು ಸಲ ಗೆರೆ ಹತ್ರ ಬಂದು ನಮ್ಮ ಹಿಂದೆ ಇಣುಕಿ ನೋಡ್ದ ಕಣಮ್ಮ," ಅಂದರು.

ಸೋಮವಾರ ಕ್ಷಮೆ ಕೇಳಿದೆ. "ಪರವಾಗಿಲ್ಲ. ನಿಮ್ಮತ್ತೆ ಒಬ್ಬರೇ ಒಂದು ಸ್ಟೇಡಿಯಮ್ಮಿನಷ್ಟು ಕೂಗಿದರು," ಎಂದು ನಕ್ಕ. ಆದರೆ ಊಟದ ಹೊತ್ತಿನಲ್ಲಿ ರಗ್ಬಿಯ ಮಾತನ್ನು ಮತ್ತೆ ಎತ್ತಲಿಲ್ಲ. ನನಗೂ ಕೇಳುವ ಮುಖವಿರಲಿಲ್ಲ. ಕೆಲವೇ ತಿಂಗಳಲ್ಲಿ ಕಂಪನಿಯೇ ಮುಚ್ಚಿತು. ಅವನು ಇಂಗ್ಲೆಂಡಿಗೆ ಮರಳಿ ಮತ್ತೆ ಮೇಷ್ಟ್ರಾದ.

ಅತ್ತೆ ಈಗಲೂ ಆ ಮ್ಯಾಚನ್ನು ಕಣ್ಣಿಗೆ ಕಟ್ಟುವಂತೆ ವರ್ಣಿಸುತ್ತಾರೆ. ಆ ಶನಿವಾರ ಆಫೀಸಿನಲ್ಲಿ ನಾನು ಮಾಡಿದ ಅಷ್ಟೊಂದು ಅವಸರದ ಕೆಲಸ ಏನೆಂದು ಮಾತ್ರ ನನಗೆ ಎಷ್ಟು ಯೋಚಿಸಿದರೂ ನೆನಪಾಗುವುದಿಲ್ಲ.