ನಾಗಣಸೂರಿಗೆ ಒಯ್ದ ನಿಂಬೆಯ ಘಮ

ಸೊಲ್ಲಾಪುರದಲ್ಲಿ ಬೆಳಗಿನ ಗಾಡಿ ಹತ್ತಿದಾಗ ನನ್ನ ಚೀಲದಲ್ಲಿ ಬಟ್ಟೆಗಿಂತ ಹಣ್ಣೇ ಹೆಚ್ಚಿತ್ತು. ಶರಬತ್ತಿಗೆ ನಿಂಬೆ, ಮನೆಯವರಿಗೆ ತಿನ್ನಲು ನಾಗಪುರದ ಸಂತ್ರಿ ಅಂದರೆ ಕಿತ್ತಳೆ, ಜೊತೆಗೆ ಒಂದು ಪೊಟ್ಟಣ ಕಲ್ಲುಸಕ್ಕರೆ. ನಾಗಣಸೂರಿನಲ್ಲಿ ನನ್ನ ಅಕ್ಕನ ಮಗಳು ಶಾಂತೆಯನ್ನು ನೋಡಲು ಮರುದಿನ ಕರಜಗಿ ಊರಿನ ಗಂಡಿನ ಕಡೆಯವರು ಬರುವವರಿದ್ದರು. ಮಾತು ಮುಗಿಯುವವರೆಗೆ ಅವರು ಹೆಣ್ಣಿನ ಮನೆಯ ನೀರನ್ನೂ ಮುಟ್ಟುವುದಿಲ್ಲ. ಕೊನೆಗೆ ಹಿರಿಯರು ಶರಬತ್ತು ಕುಡಿದರೆ ಸಂಬಂಧ ಗಟ್ಟಿ, ಲೋಟ ಕೆಳಗಿಟ್ಟರೆ ಮುರಿದಂತೆ. ಆ ಶರಬತ್ತಿನ ಹೊಣೆ ನನ್ನದು. ಸೊಲ್ಲಾಪುರದ ನವಿ ಪೇಠದಲ್ಲಿ ಶರಬತ್ತಿನ ಅಂಗಡಿ ಇಟ್ಟವನಿಗೆ ಅದೇನು ದೊಡ್ಡ ಮಾತು!

ಅಕ್ಕಲಕೋಟ ರೋಡ್ ಸ್ಟೇಶನ್ನಿನಲ್ಲಿ ಇಳಿದು ಟಾಂಗಾ ಹಿಡಿದೆ. ಫಾಲ್ಗುಣದ ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. "ಏನ್ ತಂದೀರಿ ಸಾವಕಾರ್ರ, ಟಾಂಗಾ ಎಲ್ಲಾ ಘಮ್ಮಂತೈತಿ" ಎಂದ ಟಾಂಗಾದವನು. ನಾನು ಉಬ್ಬಿಹೋದೆ. ಅಕ್ಕಲಕೋಟೆಯಲ್ಲಿ ರೊಟ್ಟಿ, ಶೇಂಗಾ ಚಟ್ನಿ ತಿಂದು, ಭಾವ ಕಳಿಸಿದ್ದ ಎತ್ತಿನ ಗಾಡಿಯಲ್ಲಿ ಸಂಜೆಗೆ ನಾಗಣಸೂರು ಸೇರಿದೆ. "ಹುಡುಗ ಶಾಂತಿಗಿ ಭಾಳ ಮನಸ್ಸಿಗಿ ಬಂದಾನ, ತಮ್ಮಾ. ಹ್ಯಾಂಗರ ಮಾಡಿ ಕೂಡ್ಬೇಕು" ಎಂದಳು ಅಕ್ಕ.

ಮರುದಿನ ನನ್ನ ಕೈಚಳಕ ತೋರಿಸಿದೆ. ಕಲ್ಲುಸಕ್ಕರೆಯ ಹರಳನ್ನು ನಿಂಬೆಯ ಮೈಗೆ ಉಜ್ಜಬೇಕು. ಸಿಪ್ಪೆಯ ಎಣ್ಣೆಯನ್ನೆಲ್ಲ ಸಕ್ಕರೆ ಕುಡಿದುಬಿಡುತ್ತದೆ. ಒಳಗಿನ ಬಿಳಿ ತಗುಲಿದರೆ ಕಹಿ. ಆ ಸಕ್ಕರೆಯನ್ನು ಗಡಿಗೆಯ ತಣ್ಣೀರಿನಲ್ಲಿ ಕರಗಿಸಿದರೆ ಮುಗಿಯಿತು, ರಸ ಬೇಕಿಲ್ಲ. ಶಾಂತೆ ಪಕ್ಕದಲ್ಲೇ ಕೂತು ನೋಡುತ್ತಿದ್ದಳು.

ಕರಜಗಿಯವರು ಬಂದರು. ಮಾತೆಲ್ಲ ಸುಸೂತ್ರವಾಗಿ ನಡೆಯಿತು. ಹುಡುಗನ ಅಜ್ಜ ಲೋಟ ಎತ್ತಿದವರು ಮೂಗಿನ ಹತ್ತಿರ ತಂದು, ಹಾಗೇ ಕೆಳಗಿಟ್ಟರು. ಅಕ್ಕನ ಮುಖ ಬಿಳುಪೇರಿತು.

"ನಮ್ಮಾಕಿ ತೀರಿದ ವರ್ಷ ಕಾಶಿಗಿ ಹೋಗಿದ್ದೆ. ನಿಂಬಿಹಣ್ಣು ಬಿಟ್ಟು ಬಂದೀನಿ" ಎಂದರು ಅಜ್ಜ. ಕಾಶಿಗೆ ಹೋದವರು ತಮಗೆ ಅತಿ ಪ್ರೀತಿಯ ಹಣ್ಣೊಂದನ್ನು ಬಿಟ್ಟು ಬರುವುದು ನಮ್ಮಲ್ಲಿ ರೂಢಿ. ಅದನ್ನು ಮೊದಲೇ ಕೇಳಬೇಕೆಂದು ನನಗೆ ಹೊಳೆದೇ ಇರಲಿಲ್ಲ.

"ಒಂದ್ ಹನಿ ರಸಾ ಹಾಕಿಲ್ರಿ ಅಜ್ಜಾರ. ಬರೇ ಸಿಪ್ಪಿ ಘಮಾ" ಎಂದೆ.

"ಸಿಪ್ಪಿ ಏನ್ ಬ್ಯಾರೆ ಗಿಡದ್ದೇನಪಾ?"

ಅಷ್ಟರಲ್ಲಿ ಶಾಂತೆ ಒಳಗೆ ಹೋಗಿದ್ದಳು. ಸ್ವಲ್ಪ ಹೊತ್ತಿಗೆ ಇನ್ನೊಂದು ಲೋಟ ತಂದು ಅಜ್ಜನ ಮುಂದೆ ಹಿಡಿದಳು. "ಇದಕ್ಕ ಸಂತ್ರಿ ಸಿಪ್ಪಿ ಉಜ್ಜೀನ್ರಿ. ಸಂತ್ರಿ ಬಿಟ್ಟಿಲ್ಲಲ್ರಿ?"

ಅಜ್ಜ ಅವಳನ್ನೇ ನೋಡಿ ನಕ್ಕರು. "ಇಲ್ಲವ್ವ, ಅದೊಂದು ಉಳದೈತಿ." ಲೋಟ ಪೂರ್ತಿ ಬರಿದು ಮಾಡಿದರು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೂ ಜೀವ ಬಂದಂತಾಯಿತು. ಕಲಿಸಿದವನು ನಾನೇ ಎಂದು ಎಲ್ಲರಿಗೂ ಹೇಳಿದೆ, ಬಿಡುತ್ತೇನೆಯೇ?

ಆಮೇಲೆ ಅಜ್ಜ ಮೊದಲಿನ ಲೋಟವನ್ನೂ ಕೇಳಿದರು. ನಾವು ಗಾಬರಿಯಾದೆವು. ಅವರು ಕುಡಿಯಲಿಲ್ಲ, ಕಣ್ಣು ಮುಚ್ಚಿ, ಮೂಗಿಗೆ ಹಿಡಿದು ಕೂತರು. "ನಮ್ಮಾಕಿ ಮಾಡಿದ್ದೂ ಹಿಂಗ ಘಮ್ ಅಂತಿತ್ತು" ಎಂದರು. "ಹಣ್ಣು ಬಿಟ್ಟೀನಿ. ವಾಸನಿ ಬಿಡು ಅಂತ ಕಾಶ್ಯಾಗ ಯಾರೂ ಅಂದಿಲ್ಲ."

ಬಿಸಿಲು ಇಳಿದ ಮೇಲೆ ಅವರ ಗಾಡಿ ಕರಜಗಿಯ ದಾರಿ ಹಿಡಿಯಿತು, ನನ್ನದು ಅಕ್ಕಲಕೋಟೆಯದು. ತಿರುವಿನಲ್ಲಿ ಹೊರಳಿ ನೋಡಿದೆ. ಬೀಗರೆಲ್ಲ ಜೋರಾಗಿ ಮದುವೆಯ ಮಾತಾಡುತ್ತಿದ್ದರು. ಅಜ್ಜ ಮಾತ್ರ ಗಾಡಿಯ ಹಿಂಬದಿಯಲ್ಲಿ, ಶಾಂತೆ ಕೊಟ್ಟಿದ್ದ ನಿಂಬೆಯೊಂದನ್ನು ಉಗುರಿನಿಂದ ಗೀರಿ, ಮೂಗಿಗೆ ಒತ್ತಿಕೊಂಡು ಕೂತಿದ್ದರು.